ಆ್ಯಪ್ ತೆರೆಯುತ್ತಿಲ್ಲವೇ? ತಡೆದವರು ಯಾರು? ನೆಟ್ ನ್ಯೂಟ್ರಾಲಿಟಿ ಮತ್ತು ಸರ್ಕಾರದ ನಿಯಂತ್ರಣ: ನಿಜವೆಷ್ಟು, ಸುಳ್ಳೆಷ್ಟು

ಇಂಟರ್ನೆಟ್ ಬಗ್ಗೆ ಇಂಟರ್ನೆಟ್‌ನಲ್ಲೇ ಹರಿದಾಡುವ ಫಾರ್ವರ್ಡ್‌ಗಳಿಗೆ ಲೆಕ್ಕವಿಲ್ಲ. ನಾಳೆಯಿಂದ ಎಲ್ಲ ವಾಟ್ಸಾಪ್ ಕರೆಗಳೂ ರೆಕಾರ್ಡ್ ಆಗುತ್ತವೆ, ಎರಡು ನೀಲಿ ಟಿಕ್ ಜೊತೆ ಒಂದು ಕೆಂಪು ಟಿಕ್ ಬಂದರೆ ಸರ್ಕಾರ ನಿಮ್ಮ ಮೇಲೆ ಕ್ರಮ ಕೈಗೊಳ್ಳುತ್ತದೆ ಎನ್ನುವ ಸಂದೇಶ ವರ್ಷಗಳಿಂದ ಸುತ್ತುತ್ತಲೇ ಇದೆ. ಇದು ಸುಳ್ಳು. ವಾಟ್ಸಾಪ್‌ನಲ್ಲಿ ಕೆಂಪು ಟಿಕ್ ಎಂಬುದೇ ಇಲ್ಲ. ಇಂಟರ್ನೆಟ್ ಈಗ ಮೂಲಭೂತ ಹಕ್ಕು, ಸುಪ್ರೀಂ ಕೋರ್ಟ್ ಹೇಳಿದೆ ಎನ್ನುವುದು ಇನ್ನೊಂದು ಜನಪ್ರಿಯ ಸಂದೇಶ. ಇದು ಅರ್ಧ ನಿಜ. ನೆಟ್ ನ್ಯೂಟ್ರಾಲಿಟಿ ಎಂದರೆ ಸರ್ಕಾರ ಇಂಟರ್ನೆಟ್ ಅನ್ನು ತನ್ನ ಕೈಗೆ ತೆಗೆದುಕೊಳ್ಳುವುದು ಎನ್ನುವ ಮಾತನ್ನೂ ನೀವು ಕೇಳಿರಬಹುದು. ಇದು ತಪ್ಪು ತಿಳಿವಳಿಕೆ.

ಈ ಸಂದೇಶಗಳೆಲ್ಲ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಪಾತ್ರೆಗೆ ಸುರಿದು ಕಲಸಿಬಿಡುತ್ತವೆ. ನಿಮಗೆ ಇಂಟರ್ನೆಟ್ ಮಾರುವ ಕಂಪನಿ ನಿಮ್ಮ ಫೋನ್‌ನಲ್ಲಿ ಯಾವ ಆ್ಯಪ್ ಚೆನ್ನಾಗಿ ನಡೆಯಬೇಕು ಎಂದು ತೀರ್ಮಾನಿಸಬಹುದೇ ಎನ್ನುವುದು ಮೊದಲನೆಯದು. ಅದನ್ನೇ ಸರ್ಕಾರ ತೀರ್ಮಾನಿಸಬಹುದೇ ಎನ್ನುವುದು ಎರಡನೆಯದು. ಮೊದಲನೆಯದಕ್ಕೆ ಭಾರತದಲ್ಲಿ ಸಾಕಷ್ಟು ಗಟ್ಟಿಯಾದ ಉತ್ತರವಿದೆ. ಎರಡನೆಯದಕ್ಕೆ ಇರುವ ಉತ್ತರ ಅಷ್ಟು ನೆಮ್ಮದಿ ಕೊಡುವಂಥದ್ದಲ್ಲ. ಎರಡನ್ನೂ ಬಿಡಿಬಿಡಿಯಾಗಿ ನೋಡೋಣ.

ನೆಟ್ ನ್ಯೂಟ್ರಾಲಿಟಿ ಎಂದರೇನು?

ನಿಮ್ಮ ಮನೆಯ ಕರೆಂಟ್ ಮೀಟರ್ ನೆನಪಿಸಿಕೊಳ್ಳಿ. ಅದು ಎಣಿಸುವುದು ಯೂನಿಟ್‌ಗಳನ್ನು ಮಾತ್ರ. ಮಿಕ್ಸಿ ಯಾವ ಕಂಪನಿಯದು, ಟಿವಿಯಲ್ಲಿ ಯಾವ ಚಾನೆಲ್ ಹಾಕಿದ್ದೀರಿ ಎಂದು ಅದು ಕೇಳುವುದಿಲ್ಲ. ಮನೆಗೆ ಒಂದು ದರ, ಅಂಗಡಿಗೆ ಇನ್ನೊಂದು ದರ, ರೈತರ ಪಂಪ್‌ಸೆಟ್‌ಗೆ ಉಚಿತ ಎಂಬ ವ್ಯತ್ಯಾಸಗಳೇನೋ ಇವೆ. ಆದರೆ ಇಂಥ ಕಂಪನಿಯ ಪಂಪ್ ಇದ್ದರೆ ಮಾತ್ರ ಕರೆಂಟು, ಬೇರೆಯದಾದರೆ ಇಲ್ಲ ಎಂದು ವಿದ್ಯುತ್ ಕಂಪನಿ ಹೇಳುವಂತಿಲ್ಲ. ಹೇಳಿದರೆ ಮಾರುಕಟ್ಟೆಯಲ್ಲಿ ಯಾವ ಪಂಪ್ ಉಳಿಯಬೇಕು ಎಂದು ವಿದ್ಯುತ್ ಕಂಪನಿಯೇ ತೀರ್ಮಾನಿಸಿದಂತೆ ಆಗುತ್ತದೆ.

ಇದೇ ತತ್ವವನ್ನು ಇಂಟರ್ನೆಟ್‌ಗೆ ಅನ್ವಯಿಸಿದರೆ ಅದು ನೆಟ್ ನ್ಯೂಟ್ರಾಲಿಟಿ, ಅಂದರೆ ಅಂತರ್ಜಾಲ ಸಮಾನತೆ. ನೀವು 1 ಜಿಬಿ ಡೇಟಾಗೆ ಹಣ ಕೊಟ್ಟಿದ್ದೀರಿ. ಅದರಲ್ಲಿ ಯೂಟ್ಯೂಬ್ ನೋಡುತ್ತೀರೋ, ಕನ್ನಡ ವಿಕಿಪೀಡಿಯ ಓದುತ್ತೀರೋ, ಊರಿನ ಹುಡುಗನೊಬ್ಬ ನಿನ್ನೆ ತಾನೇ ಶುರು ಮಾಡಿದ ವೆಬ್‌ಸೈಟ್ ತೆರೆಯುತ್ತೀರೋ ಅದು ನಿಮಗೆ ಬಿಟ್ಟದ್ದು. ಟೆಲಿಕಾಂ ಕಂಪನಿ ಇವುಗಳಲ್ಲಿ ಯಾವುದನ್ನೂ ತಡೆಯಬಾರದು, ನಿಧಾನ ಮಾಡಬಾರದು, ಹಣ ಪಡೆದು ಒಂದಕ್ಕೆ ಹೆಚ್ಚಿನ ವೇಗ ಕೊಡಬಾರದು. ನೆಟ್ ನ್ಯೂಟ್ರಾಲಿಟಿ ಎಂಬ ಹೆಸರನ್ನು ಬಳಕೆಗೆ ತಂದವರು ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವೂ, 2003ರಲ್ಲಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ನಿಯಮ ಪಾಲನೆಯಾಗುವಂತೆ ನೋಡಿಕೊಳ್ಳುವುದು ಸರ್ಕಾರ ಮತ್ತು ಅದು ನೇಮಿಸಿದ ನಿಯಂತ್ರಣ ಸಂಸ್ಥೆ. ಹಾಗಾಗಿ ನೆಟ್ ನ್ಯೂಟ್ರಾಲಿಟಿ ಎಂದರೆ ಸರ್ಕಾರದ ಹಿಡಿತ ಎಂಬ ವಾದ ಹುಟ್ಟಿಕೊಂಡಿತು. ಆದರೆ ಈ ನಿಯಮ ಕಟ್ಟಿಹಾಕುವುದು ಟೆಲಿಕಾಂ ಕಂಪನಿಗಳ ಕೈಯನ್ನು. ನೀವು ಏನು ಬರೆಯಬೇಕು, ಏನು ನೋಡಬೇಕು ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಭಾರತದಲ್ಲಿ ಈ ಚರ್ಚೆ ಶುರುವಾದದ್ದು ಹೇಗೆ?

2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್ ಒಂದು ಘೋಷಣೆ ಮಾಡಿತು. ಸ್ಕೈಪ್, ವೈಬರ್‌ನಂಥ ಆ್ಯಪ್‌ಗಳ ಮೂಲಕ ಮಾಡುವ ಕರೆಗಳಿಗೆ ಬಳಸುವ ಡೇಟಾಗೆ ಬೇರೆಯೇ ದರ ವಿಧಿಸುವುದಾಗಿ ಹೇಳಿತು. ಗ್ರಾಹಕರು ತಿರುಗಿಬಿದ್ದರು. ಕೆಲವೇ ದಿನಗಳಲ್ಲಿ ಕಂಪನಿ ಯೋಜನೆಯಿಂದ ಹಿಂದೆ ಸರಿಯಿತು.

ಮರುವರ್ಷ, 2015ರ ಮಾರ್ಚ್ 27ರಂದು, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 118 ಪುಟಗಳ ಸಮಾಲೋಚನಾ ಪತ್ರವೊಂದನ್ನು ಹೊರತಂದಿತು. ವಾಟ್ಸಾಪ್, ಸ್ಕೈಪ್‌ನಂಥ ಸೇವೆಗಳಿಗೂ ಲೈಸೆನ್ಸ್ ಬೇಕೇ, ಅವು ಟೆಲಿಕಾಂ ಕಂಪನಿಗಳಿಗೆ ಹಣ ಕೊಡಬೇಕೇ ಎಂಬಂಥ 20 ಪ್ರಶ್ನೆಗಳು ಅದರಲ್ಲಿದ್ದವು. ಸಾಮಾನ್ಯವಾಗಿ ಇಂಥ ಪತ್ರಗಳಿಗೆ ಉತ್ತರಿಸುವವರು ಕಂಪನಿಗಳು ಮತ್ತು ವಕೀಲರು. ಈ ಬಾರಿ ಸ್ವಯಂಸೇವಕರ ಗುಂಪೊಂದು ಪ್ರಶ್ನೆಗಳನ್ನು ಸರಳಗೊಳಿಸಿ, ಉತ್ತರ ಕಳುಹಿಸಲು ಅನುಕೂಲವಾಗುವಂತೆ ಒಂದು ವೆಬ್‌ಸೈಟ್ ಮಾಡಿತು. ಹಾಸ್ಯ ತಂಡವೊಂದರ ವಿಡಿಯೊ ಕೂಡ ವೈರಲ್ ಆಯಿತು. ಟ್ರಾಯ್‌ಗೆ ಹೋದ ಇಮೇಲ್‌ಗಳ ಸಂಖ್ಯೆ 10 ಲಕ್ಷ ದಾಟಿತು.

ಅದೇ ಏಪ್ರಿಲ್‌ನಲ್ಲಿ ಏರ್‌ಟೆಲ್ ಝೀರೊ ಎಂಬ ಯೋಜನೆ ಬಂತು. ಆ್ಯಪ್ ಕಂಪನಿ ಟೆಲಿಕಾಂ ಕಂಪನಿಗೆ ಹಣ ಕೊಟ್ಟರೆ ಆ ಆ್ಯಪ್ ಬಳಸುವಾಗ ಗ್ರಾಹಕರಿಗೆ ಡೇಟಾ ಖರ್ಚಾಗುವುದಿಲ್ಲ ಎನ್ನುವುದು ಅದರ ಲೆಕ್ಕ. ಫ್ಲಿಪ್‌ಕಾರ್ಟ್ ಇದಕ್ಕೆ ಸೇರುವ ಮಾತುಕತೆಯಲ್ಲಿತ್ತು. ಜನ ಫ್ಲಿಪ್‌ಕಾರ್ಟ್ ಆ್ಯಪ್‌ಗೆ ಒಂದೇ ಸ್ಟಾರ್ ಕೊಡುತ್ತ ಹೋದಾಗ ಅದು ಮಾತುಕತೆಯಿಂದ ಹೊರಬಂತು.

ಉಚಿತವಾಗಿ ಕೊಟ್ಟರೆ ತಪ್ಪೇನು?

ಈ ಚರ್ಚೆಯ ಅತ್ಯಂತ ಕಷ್ಟದ ಪ್ರಶ್ನೆ ಇದು. ಫೇಸ್‌ಬುಕ್ ಕಂಪನಿ 2015ರ ಫೆಬ್ರವರಿಯಲ್ಲಿ ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆಗೂಡಿ ಇಂಟರ್ನೆಟ್ ಡಾಟ್ ಆರ್ಗ್ ಎಂಬ ಸೇವೆಯನ್ನು ಭಾರತಕ್ಕೆ ತಂದಿತು. ಕೆಲವು ತಿಂಗಳ ನಂತರ ಅದರ ಹೆಸರು ಫ್ರೀ ಬೇಸಿಕ್ಸ್ ಎಂದಾಯಿತು. ಫೇಸ್‌ಬುಕ್ ಸೇರಿದಂತೆ ಆಯ್ದ ವೆಬ್‌ಸೈಟ್‌ಗಳು ಇದರಲ್ಲಿ ಉಚಿತ. ಬಡವರಿಗೆ ಏನೂ ಇಲ್ಲದಿರುವುದಕ್ಕಿಂತ ಇಷ್ಟಾದರೂ ಸಿಗಲಿ ಎನ್ನುವುದು ಕಂಪನಿಯ ವಾದ. ಇದನ್ನು ತಳ್ಳಿಹಾಕುವುದು ಸುಲಭವಲ್ಲ. ಟ್ರಾಯ್ ಲೆಕ್ಕದಂತೆ 2014ರಲ್ಲಿ 1 ಜಿಬಿ ಡೇಟಾಗೆ ಸರಾಸರಿ 250 ರೂಪಾಯಿಗೂ ಹೆಚ್ಚು ಖರ್ಚಾಗುತ್ತಿತ್ತು. ಕೂಲಿ ಮಾಡುವವರಿಗೆ ಅದು ಸಣ್ಣ ಮೊತ್ತವಲ್ಲ. ವಿಕಿಪೀಡಿಯವನ್ನು ನಡೆಸುವ ಸಂಸ್ಥೆಯೂ ಇದೇ ಕಾರಣ ಹೇಳಿ ವಿಕಿಪೀಡಿಯ ಝೀರೊ ಎಂಬ ಯೋಜನೆಯನ್ನು ಕೆಲ ವರ್ಷ ನಡೆಸಿತ್ತು.

ಸಮಸ್ಯೆ ಇದ್ದದ್ದು ಆ ಪಟ್ಟಿಯಲ್ಲಿ. ಯಾವ ವೆಬ್‌ಸೈಟ್ ಒಳಗೆ ಬರಬೇಕು ಎಂಬ ಷರತ್ತುಗಳನ್ನು ಬರೆದದ್ದು ಒಂದು ಖಾಸಗಿ ಕಂಪನಿ. ಸಣ್ಣ ಕನ್ನಡ ಸುದ್ದಿತಾಣವೊಂದು ಪಟ್ಟಿಯಲ್ಲಿ ಇಲ್ಲದಿದ್ದರೆ, ಉಚಿತ ಸೇವೆಯನ್ನಷ್ಟೇ ಬಳಸುವ ಓದುಗರ ಪಾಲಿಗೆ ಅದು ಇದ್ದೂ ಇಲ್ಲದಂತೆ. ಪಟ್ಟಿಯಲ್ಲಿರುವ ದೊಡ್ಡವರು ಇನ್ನೂ ದೊಡ್ಡವರಾಗುತ್ತಾರೆ. ಮೊದಲ ಬಾರಿ ಇಂಟರ್ನೆಟ್ ನೋಡುವವರಿಗೆ ಆ ಪಟ್ಟಿಯೇ ಇಂಟರ್ನೆಟ್ ಎಂದಾಗುತ್ತದೆ.

2015ರ ಡಿಸೆಂಬರ್‌ನಲ್ಲಿ ಟ್ರಾಯ್ ಮತ್ತೊಮ್ಮೆ ಜನರ ಅಭಿಪ್ರಾಯ ಕೇಳಿತು. ಫೇಸ್‌ಬುಕ್ ತನ್ನ ಬಳಕೆದಾರರಿಗೆ ಸಿದ್ಧ ಮಾದರಿಯ ಸಂದೇಶ ಕೊಟ್ಟು, ಒಂದು ಬಟನ್ ಒತ್ತಿದರೆ ಅದು ಟ್ರಾಯ್‌ಗೆ ಹೋಗುವಂತೆ ಮಾಡಿತು. ಲಕ್ಷಗಟ್ಟಲೆ ಸಂದೇಶಗಳು ಬಂದವು. ಆದರೆ ಅವು ಫ್ರೀ ಬೇಸಿಕ್ಸ್ ಬೇಕು ಎಂದವೇ ಹೊರತು ಟ್ರಾಯ್ ಕೇಳಿದ್ದ ಪ್ರಶ್ನೆಗಳಿಗೆ ಉತ್ತರಿಸಲಿಲ್ಲ. ಟ್ರಾಯ್ ಇದಕ್ಕೆ ಬಹಿರಂಗವಾಗಿಯೇ ಆಕ್ಷೇಪ ವ್ಯಕ್ತಪಡಿಸಿತು. ಓದದೆ ಒತ್ತಿದ ಬಟನ್‌ಗೂ ಓದದೆ ಮಾಡಿದ ಫಾರ್ವರ್ಡ್‌ಗೂ ಹೆಚ್ಚು ವ್ಯತ್ಯಾಸವಿಲ್ಲ.

2016ರ ಫೆಬ್ರವರಿ 8ರಂದು ಟ್ರಾಯ್ ತನ್ನ ನಿಯಮ ಪ್ರಕಟಿಸಿತು. ಯಾವ ವೆಬ್‌ಸೈಟ್ ನೋಡುತ್ತೀರಿ ಎಂಬುದರ ಮೇಲೆ ಡೇಟಾಗೆ ಬೇರೆ ಬೇರೆ ದರ ವಿಧಿಸುವಂತಿಲ್ಲ. ಮೀರಿದರೆ ದಿನಕ್ಕೆ 50 ಸಾವಿರ ರೂಪಾಯಿ, ಗರಿಷ್ಠ 50 ಲಕ್ಷ ರೂಪಾಯಿ ದಂಡ. ತುರ್ತು ಸಂದರ್ಭಗಳಲ್ಲಿ ರಿಯಾಯಿತಿ ಕೊಡಲು ಮಾತ್ರ ಅವಕಾಶ. ಮೂರೇ ದಿನಗಳಲ್ಲಿ ಫ್ರೀ ಬೇಸಿಕ್ಸ್ ಭಾರತದಿಂದ ಹೊರಟಿತು. ಅಂಗಡಿಗಳಲ್ಲಿ ಸಿಗುತ್ತಿದ್ದ, ವಾಟ್ಸಾಪ್‌ಗೆ ಮಾತ್ರ, ಫೇಸ್‌ಬುಕ್‌ಗೆ ಮಾತ್ರ ಎನ್ನುವ ಪ್ಯಾಕ್‌ಗಳಿಗೂ ತೆರೆ ಬಿತ್ತು.

ಬಡವರ ಗತಿ ಏನಾಯಿತು? 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ದರ ಸಮರ ಶುರುವಾಯಿತು. 2018ರ ಹೊತ್ತಿಗೆ 1 ಜಿಬಿ ಡೇಟಾದ ಸರಾಸರಿ ಬೆಲೆ ಸುಮಾರು 12 ರೂಪಾಯಿಗೆ ಇಳಿದಿತ್ತು. ಇದು ನೆಟ್ ನ್ಯೂಟ್ರಾಲಿಟಿಯಿಂದ ಆದದ್ದಲ್ಲ, ಪೈಪೋಟಿಯಿಂದ ಆದದ್ದು. ಆದರೆ ಜನರಿಗೆ ಸಿಕ್ಕಿದ್ದು ಆಯ್ದ ಪಟ್ಟಿಯ ಬದಲು ಪೂರ್ತಿ ಇಂಟರ್ನೆಟ್.

ಈಗಿನ ನಿಯಮದಲ್ಲಿ ಯಾವುದು ತಪ್ಪು, ಯಾವುದು ತಪ್ಪಲ್ಲ?

2018ರಲ್ಲಿ ದೂರಸಂಪರ್ಕ ಇಲಾಖೆ ಕಂಪನಿಗಳ ಲೈಸೆನ್ಸ್‌ನಲ್ಲೇ ಈ ಷರತ್ತು ಸೇರಿಸಿತು. ವಿಷಯದ ಆಧಾರದ ಮೇಲೆ ತಡೆಯುವುದು, ನಿಧಾನ ಮಾಡುವುದು, ವಿಶೇಷ ವೇಗ ಕೊಡುವುದು ಮೂರನ್ನೂ ನಿಷೇಧಿಸಿತು. ಆದರೂ ದಿನನಿತ್ಯ ಕೆಲವು ಗೊಂದಲಗಳಿವೆ.

ರೀಚಾರ್ಜ್ ಜೊತೆ ಸಿನಿಮಾ ಆ್ಯಪ್‌ನ ಚಂದಾ ಉಚಿತ ಎಂದರೆ ಅದು ಉಲ್ಲಂಘನೆಯೇ? ಅಲ್ಲ. ಅಲ್ಲಿ ಉಚಿತವಾಗಿರುವುದು ಚಂದಾ. ಸಿನಿಮಾ ನೋಡುವಾಗ ನಿಮ್ಮ ಡೇಟಾ ಎಂದಿನಂತೆ ಖರ್ಚಾಗುತ್ತದೆ. ಆ ಆ್ಯಪ್ ನೋಡಿದರೆ ಡೇಟಾ ಖರ್ಚಾಗುವುದೇ ಇಲ್ಲ ಎಂದರೆ ಆಗ ಪ್ರಶ್ನೆ ಏಳುತ್ತದೆ.

ದಿನದ 1.5 ಜಿಬಿ ಮುಗಿದ ಮೇಲೆ ವೇಗ ಕುಸಿದರೆ? ಉಲ್ಲಂಘನೆಯಲ್ಲ. ಆಗ ಎಲ್ಲ ಆ್ಯಪ್‌ಗಳೂ ಒಂದೇ ರೀತಿ ನಿಧಾನವಾಗುತ್ತವೆ. ಜಾತ್ರೆಯಲ್ಲಿ, ಕ್ರಿಕೆಟ್ ಪಂದ್ಯದ ದಿನ ಸ್ಟೇಡಿಯಂ ಸುತ್ತ ನೆಟ್‌ವರ್ಕ್ ತತ್ತರಿಸುವುದೂ ದಟ್ಟಣೆಯ ಸಮಸ್ಯೆ. ದಟ್ಟಣೆ ನಿಭಾಯಿಸಲು ಕಂಪನಿ ತಾತ್ಕಾಲಿಕವಾಗಿ, ಪಾರದರ್ಶಕವಾಗಿ ಕ್ರಮ ಕೈಗೊಳ್ಳಬಹುದು.

ಉಳಿದದ್ದೆಲ್ಲ ಸರಾಗವಾಗಿದ್ದು ಒಂದೇ ಆ್ಯಪ್ ದಿನಗಟ್ಟಲೆ ತೆವಳುತ್ತಿದ್ದರೆ ಅನುಮಾನಕ್ಕೆ ಜಾಗವಿದೆ. ಮೊದಲು ಬೇರೆ ಕಂಪನಿಯ ಸಿಮ್ ಅಥವಾ ವೈಫೈನಲ್ಲಿ ಅದೇ ಆ್ಯಪ್ ತೆರೆದು ನೋಡಿ. ಅಲ್ಲೂ ನಿಧಾನವಾಗಿದ್ದರೆ ತೊಂದರೆ ಆ್ಯಪ್‌ನದೇ ಇರಬಹುದು. ಅಲ್ಲಿ ಸರಿಯಿದ್ದರೆ ನಿಮ್ಮ ಕಂಪನಿಯ ಗ್ರಾಹಕ ಸೇವೆಗೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಟ್ರಾಯ್ ವೈಯಕ್ತಿಕ ದೂರುಗಳನ್ನು ನೇರವಾಗಿ ಬಗೆಹರಿಸುವುದಿಲ್ಲ ಎಂಬುದು ನೆನಪಿರಲಿ.

ಕಂಪನಿಗಳ ವಾದದಲ್ಲಿ ಹುರುಳಿಲ್ಲವೇ?

ಇದೆ. ಸ್ಪೆಕ್ಟ್ರಂ ಹರಾಜಿಗೆ ಸಾವಿರಾರು ಕೋಟಿ ಸುರಿದು, ಟವರ್ ಕಟ್ಟಿ, ಲೈಸೆನ್ಸ್ ಶುಲ್ಕ ತೆರುವವರು ನಾವು. ನಮ್ಮ ನೆಟ್‌ವರ್ಕ್ ಮೇಲೆ ಓಡಾಡಿ ಲಾಭ ಮಾಡುವವರು ವಿಡಿಯೊ ಮತ್ತು ಮೆಸೇಜಿಂಗ್ ಕಂಪನಿಗಳು. ಅವರೂ ಪಾಲು ಕೊಡಲಿ ಎನ್ನುವುದು ಟೆಲಿಕಾಂ ಕಂಪನಿಗಳ ಬೇಡಿಕೆ. ಇದಕ್ಕೆ ಎದುರುವಾದವೂ ಅಷ್ಟೇ ಸರಳ. ಆ ವಿಡಿಯೊ ನೋಡಲು ಗ್ರಾಹಕರು ಆಗಲೇ ಡೇಟಾಗೆ ಹಣ ಕೊಟ್ಟಿದ್ದಾರೆ. ಒಂದೇ ಸರಕಿಗೆ ಎರಡು ಕಡೆ ಬಾಡಿಗೆ ಏಕೆ? ಅಲ್ಲದೆ ದೊಡ್ಡ ಕಂಪನಿ ಆ ಪಾಲನ್ನು ಹೇಗೋ ಕಟ್ಟುತ್ತದೆ, ಸಣ್ಣವರು ಎಲ್ಲಿಂದ ತರಬೇಕು?

ದಕ್ಷಿಣ ಕೊರಿಯಾದಲ್ಲಿ ಡೇಟಾ ಕಳುಹಿಸುವವರ ಕಡೆಯಿಂದ ಹಣ ವಸೂಲಾಗುವ ವ್ಯವಸ್ಥೆ 2016ರಲ್ಲಿ ಬಂತು. ಅಲ್ಲಿನ ನೆಟ್‌ವರ್ಕ್ ಶುಲ್ಕ ಬೇರೆ ಹೆಚ್ಚಿನ ದೇಶಗಳಿಗಿಂತ ಹತ್ತು ಪಟ್ಟು ದುಬಾರಿ ಎಂದು ಹೇಳಿ, ಆಟಗಳ ನೇರಪ್ರಸಾರದ ತಾಣ ಟ್ವಿಚ್ 2024ರ ಫೆಬ್ರವರಿಯಲ್ಲಿ ಆ ದೇಶದಲ್ಲಿ ಸೇವೆ ನಿಲ್ಲಿಸಿತು.

ಅಮೆರಿಕದ ಕಥೆ ಬೇರೆ. ಅಲ್ಲಿ 2015ರಲ್ಲಿ ಬಂದ ನಿಯಮ 2017ರಲ್ಲಿ ರದ್ದಾಯಿತು, 2024ರಲ್ಲಿ ಮರಳಿತು, 2025ರ ಜನವರಿಯಲ್ಲಿ ನ್ಯಾಯಾಲಯ ಅದನ್ನು ಮತ್ತೆ ಹೊಡೆದುಹಾಕಿತು. 2017ರಲ್ಲಿ ಇಂಟರ್ನೆಟ್ ಸತ್ತೇ ಹೋಗುತ್ತದೆ ಎಂದು ಹರಿದಾಡಿದ ಸಂದೇಶಗಳು ನಿಜವಾಗಲಿಲ್ಲ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡವು. ಸರ್ಕಾರ ಬದಲಾದಂತೆ ನಿಯಮವೂ ಬದಲಾಗುತ್ತದೆ ಎನ್ನುವುದು ಅಲ್ಲಿಂದ ಕಲಿಯಬೇಕಾದ ಪಾಠ. ನಮ್ಮಲ್ಲೂ ಈ ರಕ್ಷಣೆ ಇರುವುದು ಟ್ರಾಯ್ ನಿಯಮ ಮತ್ತು ಲೈಸೆನ್ಸ್ ಷರತ್ತುಗಳಲ್ಲಿ. ಇದಕ್ಕೆಂದೇ ಸಂಸತ್ತು ಮಾಡಿದ ಪ್ರತ್ಯೇಕ ಕಾಯ್ದೆ ಇಲ್ಲ.

ತಡೆದದ್ದು ಸರ್ಕಾರವೇ ಆದರೆ?

ಇಲ್ಲಿ ಎರಡನೆಯ ಪ್ರಶ್ನೆಗೆ ಬರುತ್ತೇವೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಇದು ನೆಟ್ ನ್ಯೂಟ್ರಾಲಿಟಿಯ ಉಲ್ಲಂಘನೆಯೇ? ಕಾನೂನಿನ ಲೆಕ್ಕದಲ್ಲಿ ಅಲ್ಲ. ನ್ಯಾಯಾಲಯದ ಅಥವಾ ಸರ್ಕಾರದ ಕಾನೂನುಬದ್ಧ ಆದೇಶದಂತೆ ತಡೆದರೆ ಕಂಪನಿ ತಪ್ಪು ಮಾಡಿದಂತಾಗುವುದಿಲ್ಲ ಎಂದು ನಿಯಮವೇ ಹೇಳುತ್ತದೆ. ಅಂದರೆ ಆ ನಿಯಮ ಕಂಪನಿಗೆ ಹಾಕಿದ ಬೇಲಿ. ಸರ್ಕಾರ ಅದರ ಹೊರಗಿದೆ.

ಸರ್ಕಾರದ ಕೈಯಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ಕಾರಣಗಳಿಗೆ ವೆಬ್‌ಸೈಟ್, ಆ್ಯಪ್, ಪೋಸ್ಟ್‌ಗಳನ್ನು ತಡೆಯಲು ಇದು ಅವಕಾಶ ಕೊಡುತ್ತದೆ. ಈ ಪ್ರಕ್ರಿಯೆಯನ್ನು ಗೋಪ್ಯವಾಗಿ ಇಡಬೇಕು ಎಂದು 2009ರ ನಿಯಮ ಹೇಳುತ್ತದೆ. ಹಾಗಾಗಿ ಏಕೆ ತಡೆದರು ಎಂಬುದು ಓದುಗರಿಗೆ, ಕೆಲವೊಮ್ಮೆ ಬರೆದವರಿಗೂ ತಿಳಿಯುವುದಿಲ್ಲ. ಇಂಥ ಆದೇಶಗಳನ್ನು ಟ್ವಿಟರ್ ಪ್ರಶ್ನಿಸಿದ್ದು ನಮ್ಮ ಕರ್ನಾಟಕ ಹೈಕೋರ್ಟ್‌ನಲ್ಲಿ. ಪೋಸ್ಟ್ ಬದಲು ಇಡೀ ಖಾತೆಯನ್ನೇ ತಡೆಯಬಹುದೇ, ಖಾತೆದಾರರಿಗೆ ತಿಳಿಸಬೇಕಲ್ಲವೇ ಎನ್ನುವುದು ಅಲ್ಲಿ ಎದ್ದ ಪ್ರಶ್ನೆಗಳಲ್ಲಿ ಮುಖ್ಯವಾದವು. 2023ರ ಜೂನ್ 30ರಂದು ಏಕಸದಸ್ಯ ಪೀಠ ಅರ್ಜಿ ವಜಾ ಮಾಡಿ ಕಂಪನಿಗೆ 50 ಲಕ್ಷ ರೂಪಾಯಿ ದಂಡ ವಿಧಿಸಿತು. ಪೋಸ್ಟ್ ತೆಗೆಸಲು ಸರ್ಕಾರ ಬಳಸುವ ಸಹಯೋಗ್ ಪೋರ್ಟಲ್ ವಿರುದ್ಧ ಅದೇ ಕಂಪನಿ, ಈಗ ಎಕ್ಸ್ ಎಂಬ ಹೆಸರಿನಲ್ಲಿ, ಸಲ್ಲಿಸಿದ ಅರ್ಜಿಯೂ 2025ರ ಸೆಪ್ಟೆಂಬರ್‌ನಲ್ಲಿ ಇಲ್ಲೇ ವಜಾ ಆಯಿತು.

ಎರಡನೆಯ ದಾರಿ, ಇಂಟರ್ನೆಟ್ ಅನ್ನೇ ನಿಲ್ಲಿಸುವುದು. 2019ರ ಡಿಸೆಂಬರ್‌ನಲ್ಲಿ ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಯ ಹೊತ್ತಿನಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮೊಬೈಲ್ ಇಂಟರ್ನೆಟ್ ಅನ್ನು 48 ಗಂಟೆ ನಿಲ್ಲಿಸಲಾಗಿತ್ತು. ಜಮ್ಮು ಮತ್ತು ಕಾಶ್ಮೀರದಲ್ಲಿ ಅದೇ ವರ್ಷದ ಆಗಸ್ಟ್‌ನಲ್ಲಿ ನಿಂತ ಇಂಟರ್ನೆಟ್ 2020ರ ಜನವರಿಯಲ್ಲಿ ಭಾಗಶಃ ಮರಳಿತು. ಮರಳಿದ್ದು ಹೇಗೆ ಗೊತ್ತೇ? 2ಜಿ ವೇಗದಲ್ಲಿ, 153 ವೆಬ್‌ಸೈಟ್‌ಗಳ ಒಂದು ಪಟ್ಟಿಯೊಂದಿಗೆ. ಆ ಪಟ್ಟಿಯಲ್ಲಿ ಇರುವುದಷ್ಟೇ ತೆರೆಯಬಹುದಿತ್ತು. ಪಟ್ಟಿ ಮುಂದೆ ಬೆಳೆಯಿತು, ಮಾರ್ಚ್‌ನಲ್ಲಿ ರದ್ದಾಯಿತು. 4ಜಿ ಎಲ್ಲೆಡೆ ಮರಳಿದ್ದು 2021ರ ಫೆಬ್ರವರಿಯಲ್ಲಿ.

ನಾಲ್ಕು ವರ್ಷ ಮೊದಲು ದೇಶ ಬೇಡವೆಂದದ್ದೂ ಒಂದು ಪಟ್ಟಿಯನ್ನೇ. ಫ್ರೀ ಬೇಸಿಕ್ಸ್‌ನ ಪಟ್ಟಿ ಮಾಡಿದ್ದು ಕಂಪನಿ, ಕಾಶ್ಮೀರದ ಪಟ್ಟಿ ಮಾಡಿದ್ದು ಆಡಳಿತ. ಒಂದರ ಉದ್ದೇಶ ವ್ಯಾಪಾರ, ಇನ್ನೊಂದಕ್ಕೆ ಕೊಟ್ಟ ಕಾರಣ ಭದ್ರತೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು, ನಿಜ. ಗಲಭೆಯ ಹೊತ್ತಿನಲ್ಲಿ ಸುಳ್ಳು ಸುದ್ದಿ ಜೀವ ತೆಗೆಯಬಲ್ಲದು ಎಂಬುದೂ ನಿಜ. ಆದರೆ ಫೋನ್ ಹಿಡಿದ ವಿದ್ಯಾರ್ಥಿಗೆ, ಆರ್ಡರ್‌ಗಾಗಿ ಕಾಯುವ ವ್ಯಾಪಾರಿಗೆ ಅನುಭವ ಒಂದೇ. ಏನು ತೆರೆಯಬೇಕು ಎಂದು ಬೇರೆ ಯಾರೋ ಮೊದಲೇ ಬರೆದಿಟ್ಟಿದ್ದಾರೆ.

ಹಾಗಾದರೆ ಮೂಲಭೂತ ಹಕ್ಕಿನ ಮಾತು?

2020ರ ಜನವರಿ 10ರಂದು ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು. ಇಂಟರ್ನೆಟ್ ಮೂಲಕ ಮಾತನಾಡುವ ಮತ್ತು ವ್ಯಾಪಾರ ಮಾಡುವ ಸ್ವಾತಂತ್ರ್ಯಕ್ಕೆ ಸಂವಿಧಾನದ 19ನೇ ವಿಧಿಯ ರಕ್ಷಣೆ ಇದೆ. ಅನಿರ್ದಿಷ್ಟ ಕಾಲ ಇಂಟರ್ನೆಟ್ ನಿಲ್ಲಿಸುವಂತಿಲ್ಲ. ನಿಲ್ಲಿಸುವ ಆದೇಶವನ್ನು ಪ್ರಕಟಿಸಬೇಕು. ಇಂಟರ್ನೆಟ್ ಸಂಪರ್ಕ ಪಡೆಯುವುದೇ ಮೂಲಭೂತ ಹಕ್ಕೇ ಎಂಬ ಬಗ್ಗೆ ಅಭಿಪ್ರಾಯ ಹೇಳುತ್ತಿಲ್ಲ ಎಂದು ಕೋರ್ಟ್ ಸ್ಪಷ್ಟವಾಗಿಯೇ ಬರೆದಿದೆ. ಅದಕ್ಕೂ ಮೊದಲು 2019ರಲ್ಲಿ ಕೇರಳ ಹೈಕೋರ್ಟ್ ವಿದ್ಯಾರ್ಥಿನಿಯೊಬ್ಬರ ಪ್ರಕರಣದಲ್ಲಿ ಇಂಟರ್ನೆಟ್ ಬಳಸುವ ಹಕ್ಕನ್ನು ಶಿಕ್ಷಣ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ಮಾನ್ಯ ಮಾಡಿತ್ತು. ಫಾರ್ವರ್ಡ್‌ಗಳು ಎರಡನ್ನೂ ಸೇರಿಸಿ ಒಂದೇ ಸಾಲು ಮಾಡಿವೆ.

ಇಂಟರ್ನೆಟ್ ನಿಲ್ಲಿಸುವ ಆದೇಶವನ್ನು ಸಾಮಾನ್ಯವಾಗಿ ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ ಹೊರಡಿಸಬೇಕು. ಒಂದು ಆದೇಶಕ್ಕೆ 15 ದಿನಗಳ ಮಿತಿ ಇದೆ. ಕಾರಣ ಬರೆದಿರಬೇಕು, ಪ್ರಕಟವಾಗಬೇಕು. 2024ರ ನವೆಂಬರ್‌ನಲ್ಲಿ ಬಂದ ಹೊಸ ನಿಯಮಗಳೂ ಇದನ್ನೇ ಹೇಳುತ್ತವೆ.

ಫಾರ್ವರ್ಡ್ ಮಾಡುವ ಮುನ್ನ

ಇಂಟರ್ನೆಟ್ ನಿಷೇಧ, ಹೊಸ ನಿಯಮ, ವಾಟ್ಸಾಪ್‌ಗೆ ಶುಲ್ಕ ಎಂಬ ಸಂದೇಶ ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ತೀರ್ಮಾನಿಸಿದವರು ಯಾರು? ಅದರ ಲಿಖಿತ ಆದೇಶ ಎಲ್ಲಿದೆ?

ತೀರ್ಮಾನ ಟೆಲಿಕಾಂ ಕಂಪನಿಯದಾದರೆ 2016 ಮತ್ತು 2018ರ ನಿಯಮಗಳು ನಿಮ್ಮ ಪರವಾಗಿವೆ, ದೂರು ಕೊಡಿ. ಇಂಟರ್ನೆಟ್ ನಿಲ್ಲಿಸಿದ್ದು ಸರ್ಕಾರವಾದರೆ ಪ್ರಕಟವಾದ ಆದೇಶವಿರಲೇಬೇಕು. ಅದನ್ನು ಕೇಳುವುದು ದೇಶದ್ರೋಹವಲ್ಲ, ಸುಪ್ರೀಂ ಕೋರ್ಟೇ ಕೊಟ್ಟ ಅವಕಾಶ. ಒಂದು ವೆಬ್‌ಸೈಟ್ ಅಥವಾ ಖಾತೆಯನ್ನು ತಡೆದಿದ್ದರೆ ಆದೇಶ ನಿಮ್ಮ ಕೈಗೆ ಸಿಗದೇ ಹೋಗಬಹುದು. ನಮ್ಮ ಇಂದಿನ ಚರ್ಚೆ ನಡೆಯಬೇಕಾದದ್ದು ಆ ಗೋಪ್ಯತೆಯ ಬಗ್ಗೆ. ಎರಡೂ ಪ್ರಶ್ನೆಗಳಿಗೆ ಸಂದೇಶದಲ್ಲಿ ಉತ್ತರವೇ ಇಲ್ಲದಿದ್ದರೆ, ಕೆಂಪು ಟಿಕ್ಕಿನ ಕಥೆಯಂತೆ, ಅದನ್ನು ಮುಂದೆ ಕಳುಹಿಸಬೇಡಿ.

2015ರಲ್ಲಿ 118 ಪುಟಗಳ ಪತ್ರವನ್ನು ಯಾರೋ ಕೆಲವರು ಕುಳಿತು ಓದಿ, ಅರ್ಥ ಮಾಡಿಕೊಂಡು, ಉಳಿದವರಿಗೆ ತಿಳಿಸಿದರು. ಇವತ್ತು ಬೇಕೆನಿಸಿದ ವೆಬ್‌ಸೈಟ್ ತೆರೆಯಲು ನೀವು ಬೇರೆ ಪ್ಯಾಕ್ ಹಾಕಿಸಬೇಕಾಗಿಲ್ಲ ಎಂದರೆ ಅದರ ಹಿಂದೆ ಆ ಓದೂ ಇದೆ.